ದೊರೆ ಸೂಜಿ ನುಂಗಿದ ಬೇಸಿಗೆ

ಹುಚ್ಚುನಾಯಿ ಕಚ್ಚಿದರೆ ಹಿಂದೂಪುರದವರೆಗೂ ಎತ್ತಿನ ಗಾಡಿಯಲ್ಲಿ ಹೋಗಿ, ಅಲ್ಲಿಂದ ರೈಲು ಹತ್ತಿ, ನೀಲಗಿರಿ ಬೆಟ್ಟದ ಮೇಲಿರುವ ಕೂನೂರಿಗೆ ಹೋಗಬೇಕಾಗಿದ್ದ ಕಾಲ ಅದು. ಮದ್ರಾಸಿನವರ ಆಳ್ವಿಕೆ. ಕೂನೂರಿನಲ್ಲಿ ಇದಕ್ಕೆಂದೇ ಒಂದು ಆಸ್ಪತ್ರೆಯಿದೆ, ಅಲ್ಲಿ ದಿನಾ ಹೊಟ್ಟೆಗೆ ಸೂಜಿ ಚುಚ್ಚುತ್ತಾರೆ ಎಂದು ದೊಡ್ಡವರು ಮಾತಾಡಿಕೊಳ್ಳುವುದನ್ನು ಕೇಳಿದ್ದೆ. ಹೋಗಿ ಬದುಕಿ ಬಂದವರನ್ನು ಕಣ್ಣಾರೆ ಕಂಡಿರಲಿಲ್ಲ. ಹೋಗದೆ ಸತ್ತವನ ಸುದ್ದಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಪಕ್ಕದೂರು ರೊಳ್ಳದ ಕಡೆಯ ಒಬ್ಬ ಹುಡುಗನಿಗೆ ನಾಯಿ ಕಚ್ಚಿ, ಗಾಯವೆಲ್ಲ ಮಾಯ್ದು, ಮನೆಯವರು ಮರೆತೂಬಿಟ್ಟ ಮೇಲೆ ಒಂದು ದಿನ ಅವನಿಗೆ ನೀರು ಕಂಡರೆ ಆಗದೇ ಹೋಯಿತಂತೆ. ಕಂಬಕ್ಕೆ ಕಟ್ಟಿದ್ದರಂತೆ. ಕಡೆಕಡೆಗೆ ನಾಯಿಯ ಹಾಗೇ ಬೊಗಳಿದನಂತೆ. ಆ ಬೇಸಿಗೆ ನಾವು ಮಕ್ಕಳು ಎಲ್ಲಿ ಸೇರಿದರೂ ಅದೇ ಮಾತು. ಕುಂಟಬಿಲ್ಲೆ ಆಡುವಾಗ ಯಾರಾದರೂ ಕೆಮ್ಮಿದರೆ ಸಾಕು, ಉಳಿದವರು ದೂರ ಸರಿಯುತ್ತಿದ್ದೆವು.

ನಮ್ಮ ಹಟ್ಟಿ ಇದ್ದದ್ದು ಮಡಕಶಿರದ ಸೀಮೆಯಲ್ಲಿ, ರತ್ನಗಿರಿ ಕೋಟೆಯ ಬೆಟ್ಟದ ಕೆಳಗೆ. ಅಪ್ಪನಿಗೆ ಕುರಿ, ಒಂದಿಷ್ಟು ರಾಗಿ ಹೊಲ. ಮನೆಯ ಪಕ್ಕದಲ್ಲೇ ಕಾರೆಮುಳ್ಳಿನ ಬೇಲಿ ಕಟ್ಟಿದ ಕುರಿ ರೊಪ್ಪ. ಬೆಳಗ್ಗೆ ಎದ್ದರೆ ಮೂಗಿಗೆ ಮೊದಲು ಬರುತ್ತಿದ್ದುದು ಕುರಿ ಹಿಕ್ಕೆಯ ಬೆಚ್ಚಗಿನ ವಾಸನೆ, ಆಮೇಲೆ ಒಲೆಯ ಹೊಗೆ. ಅದು ಹುಣಸೆಹಣ್ಣು ಬಡಿಯುವ ಕಾಲವಾದ್ದರಿಂದ ಎಲ್ಲರ ಅಂಗಳದಲ್ಲೂ ಹುಣಸೆ ಹರವಿ, ಇಡೀ ಹಟ್ಟಿಯೇ ಹುಳಿ ಹುಳಿ ನಾರುತ್ತಿತ್ತು. ನಮ್ಮ ಹಲ್ಲುಗಳೆಲ್ಲ ಚುಳ್ಳೆನ್ನುತ್ತಿದ್ದವು.

ನಮ್ಮವ್ವ ರಾಯದುರ್ಗದವಳು. ಮಾತಿಗೊಂದು ‘ರೀ’ ಸೇರಿಸುವಳು. ಅವಳು ಯಾರನ್ನಾದರೂ ‘ಬರ್ರಿ, ಕುಂದರ್ರಿ’ ಎಂದು ಕರೆದರೆ ಹಟ್ಟಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಮದುವೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ಅವಳಿಗೆ ಎರಡು ಸಂಗತಿ ಒಗ್ಗಿರಲಿಲ್ಲ. ಒಂದು ನಮ್ಮ ಕಡೆಯ ಮಾತು, ಇನ್ನೊಂದು ನಾಯಿ. ನಾಯಿಯೆಂದರೆ ಅವಳಿಗೆ ವಿಪರೀತ ಹೆದರಿಕೆ. ನಮ್ಮ ಕುರಿನಾಯಿಗೆ ಹಿಟ್ಟು ಹಾಕುವಾಗಲೂ ಬಟ್ಟಲನ್ನು ಕೋಲಿನಿಂದ ಮುಂದಕ್ಕೆ ತಳ್ಳಿ ಹಿಂದೆ ಸರಿಯುತ್ತಿದ್ದಳು.

ಆ ನಾಯಿಯ ಹೆಸರು ದೊರೆ. ಅದರ ಕಣ್ಣು ಬೆಕ್ಕಿನ ಕಣ್ಣಿನಂತೆ ತಿಳಿಯಾಗಿದ್ದವು. ಕಂದಾಯದ ಲೆಕ್ಕ ನೋಡಲು ಜಮಾಬಂದಿಗೆ ಬಂದಿದ್ದ ಬಿಳಿಯ ಕಲೆಕ್ಟರನನ್ನು ನೋಡಿಬಂದ ನಮ್ಮ ಚಿಕ್ಕಪ್ಪ ಕರಿಯಣ್ಣ, “ಥೇಟ್ ಅವನದೇ ಕಣ್ಣು ಕಣ್ರಲಾ” ಎಂದು ಆ ಹೆಸರಿಟ್ಟಿದ್ದ. ಊರಿಗೆ ದೊರೆಯಾದರೂ ನನಗದು ಹಾಸಿಗೆ. ಅದರ ಹೊಟ್ಟೆಗೆ ತಲೆಯಿಟ್ಟು ಮಲಗುತ್ತಿದ್ದೆ. ಅದರ ಮೈಯಿಂದ ಧೂಳು ಮತ್ತು ಉಣ್ಣೆ ಬೆರೆತ ವಾಸನೆ ಬರುತ್ತಿತ್ತು.

ಆ ಬೇಸಿಗೆಯಲ್ಲೊಂದು ದಿನ ತೋಳವೊಂದು ಕುರಿಯ ಮೇಲೆ ಬಿದ್ದಿತ್ತು. ದೊರೆ ಬೆನ್ನಟ್ಟಿ ಬಿಡಿಸಿತಾದರೂ ಕುರಿ ಉಳಿಯಲಿಲ್ಲ. ಅಪ್ಪ ಅದನ್ನು ಕೊಯ್ದು ಅಣ್ಣತಮ್ಮಂದಿರ ಮನೆಗೆಲ್ಲ ಹಂಚಿದ. ಮಿಕ್ಕ ಮಾಂಸವನ್ನು ಅವ್ವ ಉಪ್ಪುಕಂಡ ಮಾಡಲು ಕೂತಳು. ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುವುದು. ಪೋಣಿಸಲು ಅವಳು ತೆಗೆದುಕೊಂಡದ್ದು ತವರಿನಿಂದ ತಂದಿದ್ದ ಕೌದಿ ಹೊಲಿಯುವ ಸೂಜಿಯನ್ನು. ಎರಡು ಸಾಲು ಕಟ್ಟಿ ಮೂರನೆಯದನ್ನು ಪೋಣಿಸುತ್ತಿರುವಾಗ ಒಳಗೆ ತೊಟ್ಟಿಲಿನಲ್ಲಿ ತಮ್ಮ ಅತ್ತ. ದಾರದ ಸಾಲನ್ನು ಹಾಗೇ ಮೊರದಲ್ಲಿಟ್ಟು ಎದ್ದುಹೋದಳು. ಹಾಲು ಕುಡಿಸಿ ಬರುವಷ್ಟರಲ್ಲಿ ಮೊರ ಬರಿದಾಗಿತ್ತು. “ಕಾಗಿ ಒಯ್ದಿರಬೇಕು, ಹಾಳಾದ್ದು” ಎಂದು ಬೈದುಕೊಂಡಳು. ಅಷ್ಟೇ. ಯಾರೂ ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಮಾರನೆಯ ದಿನ ಅಪ್ಪ ಕಂಬಳಿ ಹೊತ್ತು ಮಡಕಶಿರದ ಸಂತೆಗೆ ಹೋಗಿದ್ದ. ನಾನು ಅಂಗಳದಲ್ಲಿ ಒಬ್ಬಳೇ ಕುಂಟಬಿಲ್ಲೆ ಆಡುತ್ತಾ ಮುಗ್ಗರಿಸಿ ಬಿದ್ದು ಮಂಡಿ ತರಚಿಕೊಂಡೆ. ರಕ್ತ ಜಿನುಗುತ್ತಿತ್ತು. ಕೂತು ಗಾಯ ಊದಿಕೊಳ್ಳುತ್ತಿದ್ದಾಗ ದೊರೆ ಬಂತು. ತಲೆ ತಂದು ನನ್ನ ಮಡಿಲಿಗಿಟ್ಟಿತು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಸುರಿಯುತ್ತಿತ್ತು. ನನ್ನ ಮಂಡಿಯೆಲ್ಲ ನೆನೆಯಿತು. “ಥೂ, ಹೋಗಲಾ ಅತ್ಲಾಗೆ” ಎಂದು ತಳ್ಳಿದೆ. ಅದು ಹೋಗಲಿಲ್ಲ. ಮುಂಗಾಲಿನಿಂದ ಬಾಯಿಯನ್ನು ಕೆರೆದುಕೊಂಡಿತು, ತಲೆ ಕೊಡವಿತು, ಗಂಟಲಿನಿಂದ ಎಂದೂ ಕೇಳದ ಒಂದು ಒಣ ಸದ್ದು ಹೊರಡಿಸಿತು.

ಚಿಕ್ಕಪ್ಪ ಆ ಕಡೆಯಿಂದ ಬಂದವನು, “ಏನಾಗೈತಲಾ ನಿಂಗೆ?” ಎಂದು ಅದರ ಮೂತಿ ಹಿಡಿಯಲು ಹೋದ. ದೊರೆ ಒಮ್ಮೆಗೇ ಕಿರುಚಿ ಹಲ್ಲು ಕಿಸಿದು ಅವನ ಕೈಗೆ ಹಾರಿತು. ಕೈ ತಪ್ಪಿ ಅಂಗಿಯ ತೋಳು ಹರಿಯಿತು. ಅದರ ಕಣ್ಣು ಕೆಂಪಾಗಿದ್ದವು. ಚಿಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅವನ ಮುಖ ನೋಡುತ್ತಿದ್ದ ಹಾಗೇ ಬಣ್ಣಗೆಟ್ಟಿತು.

“ಮಾಳೀ, ಎದ್ದೇಳು. ಒಳಕ್ಕೆ ಓಗು. ಓಡ್ಬೇಡ, ಮೆತ್ತಗೆ ಓಗು” ಎಂದ. ಆಮೇಲೆ ದನಿಯೆತ್ತಿ ಕೂಗಿದ: “ಅತ್ತಿಗಮ್ಮೋ! ಮಗಾನ ಒಳಕ್ಕೆ ಎಳ್ಕೋ! ನಾಯಿಗೆ ಹುಚ್ಚು ಹಿಡಿದೈತೆ!”

ಅವ್ವ ಓಡಿಬಂದು ನನ್ನ ರಟ್ಟೆ ಹಿಡಿದೆಳೆದು ಒಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದಳು.

ಒಳಗೆ ಕತ್ತಲೆ. ತೊಟ್ಟಿಲಲ್ಲಿ ತಮ್ಮ ಮಲಗಿದ್ದ. ಹೊರಗೆ ಜನ ಓಡಾಡುವ ಸದ್ದು, ಕೋಲುಗಳ ಸದ್ದು. ನಾನು ನನ್ನ ಮಂಡಿ ನೋಡಿಕೊಂಡೆ. ರಕ್ತದ ಮೇಲೆ ಜೊಲ್ಲು ಆಗಲೇ ಒಣಗಿ ಹೊಳೆಯುತ್ತಿತ್ತು. ಲಂಗದಿಂದ ಉಜ್ಜಿದೆ. ಮತ್ತೆ ಉಜ್ಜಿದೆ. ಆಗ ರೊಳ್ಳದ ಹುಡುಗ ನೆನಪಾದ.

ಮೂಲೆಯಲ್ಲಿ ನೀರಿನ ಹರವಿಯಿತ್ತು. ಮೆಲ್ಲಗೆ ಹೋಗಿ ಅದರೊಳಗೆ ಬಗ್ಗಿ ನೋಡಿದೆ. ನೀರು ಕಪ್ಪಗೆ ಕಂಡಿತು. ನನಗೆ ಹೆದರಿಕೆಯಾಯಿತು. ನೀರಿಗೆ ಹೆದರಿದೆನೋ, ನೀರಿಗೆ ಹೆದರಿಬಿಡುತ್ತೇನೇನೋ ಎಂದು ಹೆದರಿದೆನೋ ತಿಳಿಯಲಿಲ್ಲ. ಚೊಂಬು ತುಂಬಿ ಗಟಗಟ ಕುಡಿದೆ. ಇಳಿಯಿತು. ಮತ್ತೆ ಕುಡಿದೆ. ಅಳು ಒತ್ತಿಕೊಂಡು ಬರುತ್ತಿತ್ತಲ್ಲ, ಎರಡನೆಯ ಸಲ ನೀರು ನೆತ್ತಿಗೆ ಹತ್ತಿ ಮೂಗಿನಿಂದೆಲ್ಲ ಬಂತು. ಉಸಿರು ಕಟ್ಟಿ ಕೆಮ್ಮಿದೆ. ಆ ಕೆಮ್ಮು ನನ್ನ ಕಿವಿಗೆ ಬೊಗಳಿದ ಹಾಗೇ ಕೇಳಿಸಿತು. ಆಯಿತು, ನನಗೆ ಶುರುವಾಯಿತು ಎಂದುಕೊಂಡೆ. ತೊಟ್ಟಿಲ ಹತ್ತಿರ ಹೋಗಬಾರದೆಂದು ಗೋಡೆಗಂಟಿ ಕೂತೆ. ತಮ್ಮನನ್ನು ನಾನೇ ಕಚ್ಚಿಬಿಟ್ಟರೆ? ಅಷ್ಟು ಹೆದರಿಕೆಯನ್ನು ನಾನು ಆಮೇಲೆ ಜನ್ಮದಲ್ಲೇ ಕಂಡಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗೋಡೆಯ ಕಿಂಡಿಗೆ ಕಣ್ಣಿಟ್ಟೆ. ದೊರೆ ತಾನಾಗೇ ರೊಪ್ಪದೊಳಗೆ ಹೋಗಿ ಮೂಲೆ ಸೇರಿತ್ತು. ಕುರಿಗಳು ಮೇಯಲು ಹೋಗಿದ್ದರಿಂದ ರೊಪ್ಪ ಖಾಲಿ. ಬಾಗಿಲಿಗೆ ಮುಳ್ಳು ಜಡಿದಿದ್ದರು. ಸುತ್ತ ಕೋಲು ಹಿಡಿದ ಗಂಡಸರು. ಊರಿನ ಕಂದಾಯ, ನ್ಯಾಯ ನೋಡುವ ಮುನಸೀಬರೂ ಬಂದಿದ್ದರು, ರೆಡ್ಡಿಯವರು. ಅವರ ಕೈಯಲ್ಲಿ ನಾಡಬಂದೂಕ. ಅವರ ಎದುರಿಗೆ ಅವ್ವ ನಿಂತಿದ್ದಳು. ಗಂಡಸರ ಗುಂಪಿನಲ್ಲಿ ಅವಳು ಹಾಗೆ ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

“ಅದಕ್ಕ ಹುಚ್ಚು ಹಿಡಿದಿಲ್ರಿ, ಯಜಮಾನ್ರ. ನಿನ್ನಿ ನನ್ನ ಸೂಜಿ ಕಳೆದೈತಿ. ದಾರದ ಸಮೇತ, ಕಂಡದ ಸಮೇತ ಕಳೆದೈತಿ. ಕಾಗಿ ಒಯ್ತು ಅನಕೊಂಡಿದ್ದೆ. ಇದ ನುಂಗೈತ್ರಿ. ಸೂಜಿ ಗಂಟಲಾಗ ಸಿಕ್ಕೊಂಡೈತಿ.”

ಯಾರೋ ನಕ್ಕರು. “ಸೂಜಿ ನುಂಗಾಕೆ ಅದೇನು ಕೋಳಿನೇನಮ್ಮ?”

“ಕೋಳಿ ಅಲ್ರಿ. ಮಾಂಸದ ಆಸೇಕ ನುಂಗೈತಿ.”

ಮುನಸೀಬರು ನಗಲಿಲ್ಲ. ಒಳ್ಳೆಯ ಮನುಷ್ಯ. ಮೆತ್ತಗೇ ಹೇಳಿದರು: “ನೋಡಮ್ಮಾ, ನೀನು ಹೇಳೋದು ನಿಜಾನೇ ಇರಬಹುದು. ಸುಳ್ಳಾದರೆ? ಊರಾಗೆ ಮಕ್ಕಳು ಮರಿ ಅವರೆ. ಒಂದು ಗುಂಡು, ಮುಗಿದೋಯ್ತದೆ. ಆಲಸ್ಯಂ ವದ್ದು, ತಡ ಮಾಡಬ್ಯಾಡ, ಪಕ್ಕಕ್ಕೆ ಬಾ.”

ಕಿಂಡಿಯಿಂದ ನನಗೆ ಅವ್ವನ ಬೆನ್ನು ಮಾತ್ರ ಕಾಣುತ್ತಿತ್ತು. ಭುಜಗಳು ಇಳಿದವು. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದೂ ಸರಿದಳು. ಗಂಡ ಊರಲ್ಲಿಲ್ಲ, ಮಾತಿಗೆ ನಗುವ ಊರು, ಅವಳಿಗೆ ಮೊದಲೇ ಆಗದ ನಾಯಿ. ಅವಳು ಇನ್ನೇನು ಮಾಡಿಯಾಳು? ಮುನಸೀಬರು ಬಂದೂಕವನ್ನು ಬೇಲಿಯ ಮೇಲಿಟ್ಟು ಕಣ್ಣು ಕಿರಿದು ಮಾಡಿದರು.

ಆಗ ನನ್ನ ಬಾಯಿಂದ ಕೂಗು ಹೊರಬಿತ್ತು. ತಡೆದುಕೊಳ್ಳಲು ಆಗಲಿಲ್ಲ.

“ಅವ್ವಾ! ಅದರ ಜೊಲ್ಲು ನನ್ನ ಗಾಯಕ್ಕೆ ಬಿದ್ದೈತೆ! ನಾನೂ ಸಾಯ್ತೀನವ್ವಾ!”

ಎಲ್ಲರೂ ತಿರುಗಿದರು. ಅವ್ವ ಓಡಿಬಂದು ಚಿಲಕ ತೆಗೆದು ನನ್ನ ಮಂಡಿ ನೋಡಿದಳು. ಲಂಗದಿಂದ ಉಜ್ಜಿ ಉಜ್ಜಿ ಅದು ಹಸಿ ಹಸಿಯಾಗಿತ್ತು. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಎದ್ದು, ಮತ್ತೆ ಚಿಲಕ ಹಾಕಿ, ನೇರ ಬಂದೂಕದ ಮುಂದೆ ಹೋಗಿ ನಿಂತಳು.

“ಈಗ ಹೊಡೀಬ್ಯಾಡ್ರಿ. ಈಗ ಹೊಡದ್ರ ನನಗ ಹೆಂಗ ಗೊತ್ತಾಗಬೇಕು? ಅದಕ್ಕ ಹುಚ್ಚು ಇತ್ತೋ ಇಲ್ಲೋ ಯಾರು ಹೇಳ್ತೀರಿ ನನಗ? ನಾಯಿ ಸತ್ತು ಪಾರಾಗ್ತೈತಿ. ನಾನು ದಿನಾ ಬೆಳಗಾದ್ರ ಈ ಕೂಸು ಇವತ್ತು ಬೊಗಳ್ತೈತೇನು ಅಂತ ನೋಡಕೊಂತ ಕುಂದ್ರಲೇನ್ರಿ? ಅದರ ಬಾಯಿ ತೆಗೆದು ನೋಡತೀನಿ. ಸೂಜಿ ಇದ್ರ ಐತಿ. ಇಲ್ಲಂದ್ರ ನೀವು ಹೊಡೀರಿ, ನಾನು ಕೂಸನ್ನ ಎತ್ತಿಕೊಂಡು ಇವತ್ತ ಹಿಂದೂಪುರದ ದಾರಿ ಹಿಡೀತೀನಿ.”

ಆ ಮಾತಿಗೆ ಯಾರೂ ನಗಲಿಲ್ಲ. “ಸರಿ ತಾಯಿ. ಆದರೆ ನಾನು ಬಂದೂಕ ಇಳಿಸಲ್ಲ” ಎಂದರು ಮುನಸೀಬರು.

ಅವ್ವ ಮೊದಲು ಒಂದು ಮಡಕೆ ನೀರನ್ನು ಕೋಲಿನಿಂದ ರೊಪ್ಪದೊಳಗೆ ತಳ್ಳಿದಳು. ದೊರೆ ಎದ್ದು ತೂರಾಡುತ್ತಾ ಬಂದು ಮೂತಿಯನ್ನು ನೀರಿಗೆ ಅದ್ದಿತು. ನಾಲಿಗೆ ಆಡಿಸಲು ನೋಡಿತು. ಆಗಲಿಲ್ಲ. ನೀರು ಬಾಯಿಯ ಎರಡೂ ಕಡೆಯಿಂದ ಸುರಿಯಿತು. ಮತ್ತೆ ಅದ್ದಿತು. “ನೋಡ್ರಿ, ನೀರಿಗೆ ಹೆದರಾಕತ್ತಿಲ್ಲ” ಎಂದಳು ಅವ್ವ. “ಒಂದೊಂದು ನಾಯಿದು ಒಂದೊಂದು ತರ ಇರ್ತದಮ್ಮಾ” ಎಂದರು ಮುನಸೀಬರು. ಅದೂ ನಿಜವೇ.

ಅವ್ವ ಒಳಗೆ ಬಂದು, ಮತ್ತೆ ಹೊರಗೆ ಹೋಗುವಾಗ ಬಲಗೈಗೆ ಹಳೆಯ ಅರಿವೆಯನ್ನು ಬಿಗಿಯಾಗಿ ಸುತ್ತಿದ್ದಳು, ಬೆರಳು ಮಾತ್ರ ಬಿಟ್ಟು. ಎಡಗೈಯಲ್ಲಿ ಮುದ್ದೆ ತಿರುವುವ ಕೋಲು, ಸೊಂಟಕ್ಕೆ ಸಿಕ್ಕಿಸಿದ ಕುಡುಗೋಲು. ಅವಳು ಮುಳ್ಳನ್ನು ಸರಿಸುತ್ತಿದ್ದಾಗ ಚಿಕ್ಕಪ್ಪ ಮುಂದೆ ಬಂದ. “ಒಬ್ಬಳೇ ಎಂಗೆ ಓಗ್ತೀಯ ಅತ್ತಿಗಮ್ಮ? ಇರು” ಎಂದು ತನ್ನ ಹೆಗಲ ಕಂಬಳಿ ತೆಗೆದ.

ಚಿಕ್ಕಪ್ಪ ಕಂಬಳಿಯನ್ನು ಬೀಸಿ ದೊರೆಯ ಮೇಲೆ ಹಾಕಿ, ತಾನೂ ಅದರ ಮೇಲೆ ಬಿದ್ದು ಅವುಚಿಕೊಂಡ. ಕಂಬಳಿಯೊಳಗಿಂದ ಬಂದ ಕೂಗಿಗೆ ನಾನು ಕಿವಿ ಮುಚ್ಚಿಕೊಂಡೆ. ಕಣ್ಣು ಮಾತ್ರ ಮುಚ್ಚಲಾಗಲಿಲ್ಲ. ತಲೆಯಷ್ಟನ್ನು ಹೊರಗೆ ತೆಗೆದು, ಮುದ್ದೆಕೋಲನ್ನು ಹಲ್ಲುಗಳ ನಡುವೆ ಅಡ್ಡಲಾಗಿ ತುರುಕಿದರು. ಅವ್ವ ಮಂಡಿಯೂರಿ ಬಗ್ಗಿದಳು. ನಾಯಿಯ ಉಸಿರು ಅವಳ ಮುಖಕ್ಕೆ ಹೊಡೆಯುತ್ತಿತ್ತು. ಬಟ್ಟಲು ಕೊಡಲು ಹೆದರುತ್ತಿದ್ದವಳು ನಾಲಿಗೆಯನ್ನು ಹಿಡಿದೆತ್ತಿದಳು.

“ದಾರ!” ಎಂದಳು. “ದಾರ ಐತ್ರಿ! ನಾಲಿಗಿ ಬುಡಕ್ಕ ಸುತಗೊಂಡೈತಿ!”

“ಇಡ್ಕೊಂಡು ಎಳಿ ಮತ್ತೆ!” ಎಂದು ಚಿಕ್ಕಪ್ಪ ಕೂಗಿದ.

“ಎಳೀಬಾರದ್ರಿ! ಎಳೆದ್ರ ಸೂಜಿ ಇನ್ನೂ ಒಳಗ ನಡೀತೈತಿ, ಎಲ್ಲಾ ಹರೀತೈತಿ. ಗಟ್ಟಿ ಹಿಡೀರಿ. ಒಂದೀಟು ಗಟ್ಟಿ ಹಿಡೀರಿ.”

ಅವಳು ಬೆರಳನ್ನು ಇನ್ನೂ ಒಳಗೆ ಇಳಿಸಿದಳು. ಕಣ್ಣು ಮುಚ್ಚಿದ್ದಳು, ತುಟಿ ಏನೋ ಗುನುಗುತ್ತಿತ್ತು. ಸೂಜಿಯ ಮೊನೆ ಎಲ್ಲಿದೆ, ಹಿಂಬದಿ ಎಲ್ಲಿದೆ ಎಂದು ಬೆರಳಲ್ಲೇ ಹುಡುಕುತ್ತಿದ್ದಳು. ಮುನಸೀಬರ ಬಂದೂಕದ ತುದಿ ಅವ್ವನ ತಲೆಗೆ ಗೇಣು ದೂರದಲ್ಲಿತ್ತು. ಅಷ್ಟರಲ್ಲಿ ದೊರೆ ಒದ್ದಾಡಿ ಮುದ್ದೆಕೋಲು ಜಾರಿತು. ಅವ್ವ ಚೀರಿದಳು. ಹಲ್ಲು ಅವಳ ಬೆರಳಿಗೆ ಇಳಿದಿತ್ತು. ಆದರೆ ಕೈ ಹಿಂದಕ್ಕೆ ಬರಲಿಲ್ಲ. ಚಿಕ್ಕಪ್ಪ ಕೋಲನ್ನು ಮತ್ತೆ ತುರುಕಿದ. ಅವ್ವ ಎಡಗೈಯಲ್ಲಿ ಕುಡುಗೋಲಿನ ತುದಿಯಿಂದ ದಾರ ಕೊಯ್ದು, ಸೂಜಿಯನ್ನು ಹಿಂಬದಿಯಿಂದ ಹಿಡಿದು, ಚುಚ್ಚಿಕೊಂಡ ದಾರಿಯಲ್ಲೇ ಹಿಂದಕ್ಕೆ ತಂದಳು.

ಹೊರಬಂದ ಕೈಯೆಲ್ಲ ರಕ್ತ. ಅವಳದೆಷ್ಟು, ನಾಯಿಯದೆಷ್ಟು ಗೊತ್ತಿಲ್ಲ. ಎರಡು ಬೆರಳಿನ ನಡುವೆ ಕೌದಿ ಸೂಜಿ ಇತ್ತು. ಅವಳು ಅದನ್ನು ಎತ್ತಿ ತೋರಿಸಿದಳು. ಮುನಸೀಬರಿಗಲ್ಲ, ಕಿಂಡಿಯ ಕಡೆಗೆ, ನನಗೆ.

ಚಿಕ್ಕಪ್ಪ ಕಂಬಳಿ ತೆಗೆದ. ದೊರೆ ಎದ್ದು ನಿಂತು, ಒಮ್ಮೆ ಮೈ ಕೊಡವಿ, ಮಡಕೆಗೆ ಮೂತಿಯಿಟ್ಟು ನೀರು ಕುಡಿಯಿತು. ಮಡಕೆ ಬರಿದಾಗುವವರೆಗೂ ಎಲ್ಲರೂ ಅದು ಕುಡಿಯುವ ಲಪಲಪ ಸದ್ದನ್ನೇ ಕೇಳುತ್ತಾ ನಿಂತಿದ್ದರು.

ಅಲ್ಲಿಗೆ ಹೆದರಿಕೆ ಮುಗಿಯಿತೆಂದರೆ ಸುಳ್ಳಾಗುತ್ತದೆ. “ಸೂಜಿ ಸಿಕ್ಕಿತು, ಸಂತೋಷ” ಎಂದರು ಮುನಸೀಬರು. “ಆದರೂ ನಿನ್ನ ಕೈ ಕಚ್ಚೈತೆ. ಕಟ್ಟಿಹಾಕಿ ನೋಡಿ. ಹುಚ್ಚಿದ್ದ ನಾಯಿ ಬಹಳ ದಿನ ಬದುಕಲ್ಲ.” ಅವ್ವ ಸೀಗೆಕಾಯಿ ಬಿಸಿನೀರಿನಲ್ಲಿ ತನ್ನ ಬೆರಳನ್ನೂ ನನ್ನ ಮಂಡಿಯನ್ನೂ ತಿಕ್ಕಿ ತಿಕ್ಕಿ ತೊಳೆದಳು. ಉರಿಗೆ ನಾನು ಅತ್ತೆ. ಅವಳು ನಿಲ್ಲಿಸಲಿಲ್ಲ. ಸಂಜೆ ಸಂತೆಯಿಂದ ಬಂದ ಅಪ್ಪ ಎಲ್ಲ ಕೇಳಿಸಿಕೊಂಡು ಜಗುಲಿಯ ಮೇಲೆ ಕೂತುಬಿಟ್ಟ. ಆಮೇಲೆ ಜನರೆಲ್ಲ ಇರುವಾಗಲೇ ಅವ್ವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ನಮ್ಮ ಮನೆಯಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ.

ದೊರೆಯ ಹೊಟ್ಟೆಯಲ್ಲಿ ಇನ್ನೂ ದಾರವಿತ್ತು. ಅವ್ವ ದಿನಾ ತೆಳ್ಳಗೆ ರಾಗಿ ಅಂಬಲಿ ಕಾಯಿಸಿ, ತುಪ್ಪ ಬಿಟ್ಟು ಕೊಡುತ್ತಿದ್ದಳು. ಒಂದು ದಿನ ಅದು ಅಂಬಲಿಯನ್ನು ಮೂಸಿಯೂ ನೋಡಲಿಲ್ಲ. ಹೊಟ್ಟೆ ಬಿಗಿದುಕೊಂಡು ಮಲಗಿತ್ತು. ಮಾರನೆಯ ಬೆಳಗ್ಗೆ ನೋಡಿದರೆ ಬಾಲದ ಕೆಳಗೆ ದಾರದ ತುದಿ ನೇತಾಡುತ್ತಿತ್ತು. ನಾನು ಎಳೆಯಲು ಓಡಿದೆ. “ಮುಟ್ಟಬ್ಯಾಡ!” ಎಂದು ಅವ್ವ ಕೂಗಿದಳು. “ಒಳಗ ಕರುಳಿಗೆ ಸುತಗೊಂಡಿದ್ರ ಕೊಯ್ದುಬಿಡ್ತೈತಿ. ತಾನ ಬರ್ಲಿ.” ನೇತಾಡುತ್ತಿದ್ದಷ್ಟನ್ನು ಕತ್ತರಿಸಿ ಬಿಟ್ಟಳು. ಸಂಜೆಗೆ ಉಳಿದದ್ದೂ ಬಿತ್ತು. ದೊರೆ ಅಂಬಲಿ ಕುಡಿಯಿತು.

ಆ ದಿನಗಳಲ್ಲಿ ನಾನು ಚೊಂಬೆತ್ತಿದಾಗಲೆಲ್ಲ ಅವ್ವನ ಕೈಯ ಕೆಲಸ ನಿಲ್ಲುತ್ತಿತ್ತು. ಬೀಸುತ್ತಿದ್ದರೆ ಬೀಸುವ ಕಲ್ಲು ನಿಲ್ಲುತ್ತಿತ್ತು. ನೀರು ನನ್ನ ಗಂಟಲಿನಲ್ಲಿ ಇಳಿದ ಮೇಲೆ ಕಲ್ಲು ಮತ್ತೆ ತಿರುಗುತ್ತಿತ್ತು. ಅವಳು ನೀರು ಕುಡಿಯುವಾಗ ನಾನೂ ಹಾಗೇ ನೋಡುತ್ತಿದ್ದೆ. ಹುಣಸೆ ಮುಗಿದು, ಮೊದಲ ಮಳೆ ಬಿದ್ದು, ಕಡಲೆಕಾಯಿ ಬಿತ್ತುವ ಹೊತ್ತಿಗೆ ಯಾವಾಗಲೋ ಅವಳ ಕಲ್ಲು ನಿಲ್ಲುವುದು ನಿಂತಿತು.

ದೊರೆ ಆಮೇಲೂ ಬಹಳ ವರ್ಷ ಬದುಕಿತು. ನಾನು ಮಾತ್ರ ಅದರ ಹೊಟ್ಟೆಗೆ ತಲೆಯಿಟ್ಟು ಮತ್ತೆ ಮಲಗಲಿಲ್ಲ. ಅದು ಬಾಲ ಆಡಿಸುತ್ತಾ ಬಂದರೆ ನನ್ನ ಮೈ ತಾನಾಗೇ ಹಿಂದಕ್ಕೆ ಸರಿಯುತ್ತಿತ್ತು. ಅದು ನಿಂತು ನನ್ನನ್ನೇ ನೋಡಿ, ಆಮೇಲೆ ರೊಪ್ಪದ ಕಡೆ ಹೋಗುತ್ತಿತ್ತು. ಪಾಪದ ಪ್ರಾಣಿ, ಅದಕ್ಕೇನು ಗೊತ್ತು.

ಮದ್ರಾಸು ಹೋಗಿ ಆಂಧ್ರ ಬಂತು. ತಮ್ಮ ಕುರಿ ಮಾರಿ ಹಿಪ್ಪುನೇರಳೆ ಹಾಕಿದ. ರೊಪ್ಪವಿದ್ದ ಜಾಗದಲ್ಲಿ ಈಗ ರೇಷ್ಮೆಹುಳು ಸಾಕುವ ಕೊಠಡಿಯಿದೆ. ಹುಳಕ್ಕೆ ನಾಯಿ ಕಾವಲು ಬೇಕಿಲ್ಲ. ಓದಿ ಮೇಷ್ಟ್ರಮ್ಮನಾದ ನಾನು ಅವ್ವನ ಊರಾದ ರಾಯದುರ್ಗದಲ್ಲೇ ನೆಲೆಯಾದೆ. ಈಗ ನಾಯಿ ಕಚ್ಚಿದರೆ ಯಾರೂ ನೀಲಗಿರಿಗೆ ಹೋಗಬೇಕಿಲ್ಲ. ಬೀದಿಯ ಕೊನೆಯಲ್ಲೇ ಆಸ್ಪತ್ರೆ ಇದೆ, ನಾಲ್ಕೈದು ಸಲ ತೋಳಿಗೊಂದು ಸೂಜಿ ಹಾಕಿ ಕಳಿಸುತ್ತಾರೆ. ಮೊನ್ನೆ ಬೀದಿನಾಯಿ ಕಚ್ಚಿದ ಮೊಮ್ಮಗಳಿಗೆ ಹಾಕಿಸಿ ಕರೆದುಕೊಂಡು ಬಂದೆ. ದಾರಿಯಲ್ಲಿ ಅವಳು ಐಸ್‌ಕ್ಯಾಂಡಿ ಕೇಳಿದಳು.

ಒಳ್ಳೆಯದೇ ಆಯಿತು. ಆ ಹೆದರಿಕೆ ಯಾವ ಮಗುವಿಗೂ ಬೇಡ. ಆದರೂ ಈ ವಯಸ್ಸಿನಲ್ಲಿ ನನಗೆ ಬೇರೆ ಹೆದರಿಕೆಗಳಿವೆ. ಡಾಕ್ಟರು ಕಾಗದ ನೋಡಿ ಸುಮ್ಮನಾದಾಗ, ಮಧ್ಯಾಹ್ನ ಒಬ್ಬಳೇ ಕೂತಿರುವಾಗ ಎದೆ ಹಿಡಿದಂತಾದಾಗ. ಮಕ್ಕಳಿಗೆ ಹೇಳಿದರೆ ಅವರು ಹೆದರುತ್ತಾರೆಂದು ಹೇಳುವುದಿಲ್ಲ. ದೊಡ್ಡವಳಾಗಿ ನಾನು ಕಳೆದುಕೊಂಡದ್ದು ಇದೇ ಎಂದು ಕಾಣುತ್ತದೆ. ಅಂದು ಒಂದು ಕಿಂಡಿಯಿಂದ, ಇದ್ದದ್ದನ್ನು ಇದ್ದ ಹಾಗೇ, ‘ಅವ್ವಾ, ನಾನು ಸಾಯ್ತೀನಿ’ ಎಂದು ಕೂಗಿದ್ದೆ. ಕೇಳಿಸಿಕೊಂಡವಳು ಬಂದೂಕಕ್ಕೂ ಹಲ್ಲಿಗೂ ಎದುರಾಗಿ ಹೋಗಿದ್ದಳು. ಹಾಗೆ ಕೂಗಲು ನನಗೀಗ ಯಾರೂ ಇಲ್ಲ.